ಸುದ್ದಗುಂಟೆಪಾಳ್ಯದಿಂದ ಬೊಮ್ಮನಹಳ್ಳಿಗೆ ಸೈಬರ್ ಕೆಫೆಗಳ ದಾರಿ

ಆಕೆ ನಮ್ಮ ಕೇಂದ್ರಕ್ಕೆ ಬಂದದ್ದು ಎರಡೇ ಸಲ. ಮೂರನೆಯ ಸಲ ಹೊರಟವಳು ಡೇರಿ ಸರ್ಕಲ್ಲಿನ ಸಿಗ್ನಲ್‌ನಲ್ಲಿ ಆಟೋ ನಿಂತಾಗ ಇಳಿದುಬಿಟ್ಟಳು. ಜೊತೆಗಿದ್ದ, ಆಕೆಯ ಬಾಡಿಗೆ ಮನೆಯ ಒಡತಿ ಕೂಗುತ್ತ ಹಿಂದೆ ಹೋದರಂತೆ. ಆಕೆ ಅಷ್ಟರಲ್ಲಿ ರಸ್ತೆ ದಾಟಿ, ಚಪ್ಪಲಿ ಕೈಯಲ್ಲಿ ಹಿಡಿದು, ಸುದ್ದಗುಂಟೆಪಾಳ್ಯದ ಕಡೆಗೆ ನಡೆಯುತ್ತಿದ್ದಳಂತೆ. ಜಯನಗರದ ಅಡ್ಡರಸ್ತೆಯೊಂದರಲ್ಲಿ, ಕನ್ನಡಕದ ಅಂಗಡಿಯ ಮೇಲಿದ್ದ ನಮ್ಮ ಆಪ್ತಸಲಹಾ ಕೇಂದ್ರದಲ್ಲಿ ಆ ಹೊತ್ತು ನಾನು ಆಕೆಗಾಗಿ ಕಾಯುತ್ತಿದ್ದೆ.

ಇದು ಎರಡು ಸಾವಿರದ ದಶಕದ ನಡುವಿನ ಮಾತು. ಆಕೆಯ ಒಪ್ಪಿಗೆ ಕೇಳಿ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಬಾಗಲಕೋಟೆ ಕಡೆಯ ಹೆಣ್ಣುಮಗಳು, ಮೂವತ್ತರ ಆಸುಪಾಸು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ, ಹೊಲಿದು ಬಂದ ಬಟ್ಟೆಗಳ ಗುಣಮಟ್ಟ ನೋಡುವ ವಿಭಾಗದ ಸೂಪರ್‌ವೈಸರ್. ಗಣೇಶನ ಹಬ್ಬಕ್ಕೆ ಮುಂಚೆ ಒಂದು ಬೆಳಿಗ್ಗೆ ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು ಅಲುಗಾಡದೆ ನಿಂತಿತ್ತು. ಆ ವರ್ಷ ಹೊಸೂರು ರಸ್ತೆಯಲ್ಲಿ ಮೇಲ್ಸೇತುವೆಯ ಕೆಲಸ ನಡೆದು ಬಸ್ಸುಗಳು ದಿನವೂ ಹಾಗೆ ನಿಲ್ಲುತ್ತಿದ್ದವು. ಆ ದಿನ ಮಾತ್ರ ಆಕೆಯ ಎದೆ ಹೊಡೆದುಕೊಳ್ಳಲು ಶುರುವಾಯಿತು. ಬೆರಳು ಜುಮ್ಮೆಂದವು, ಉಸಿರು ಗಂಟಲಲ್ಲೇ ಸಿಕ್ಕಿತು. ಸಾಯುತ್ತೇನೆ ಅನ್ನಿಸಿ ಜನರನ್ನು ತಳ್ಳಿಕೊಂಡು ಇಳಿದಳು. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು ಹೃದಯ ಸರಿಯಿದೆ ಎಂದರು. ಮರುದಿನ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಾಗ ಮತ್ತೆ ಅದೇ ಆಯಿತು. ಆಮೇಲೆ ಬಸ್ಸನ್ನು ಬಿಟ್ಟಳು, ಕಾರ್ಖಾನೆಯನ್ನೂ.

ಕಾರ್ಖಾನೆಯವರು ದೀಪಾವಳಿ ಮುಗಿಯುವವರೆಗೆ ರಜೆ ಕೊಟ್ಟಿದ್ದರು. ಅಷ್ಟರಲ್ಲಿ ಬಾರದಿದ್ದರೆ ಆ ಜಾಗಕ್ಕೆ ಬೇರೆಯವರು. ಕೆಲಸ ಹೋದರೆ ಅಣ್ಣ ಬಂದು ಊರಿಗೆ ಕರೆದುಕೊಂಡು ಹೋಗುವುದು ಖಂಡಿತ.

"ಊರಿಗೆ ಹ್ವಾದ್ರ ನಾ ತಿರುಗಿ ಬರಂಗಿಲ್ರಿ ಮೇಡಂ," ಎಂದಿದ್ದಳು ಮೊದಲ ಭೇಟಿಯಲ್ಲಿ. "ಇಲ್ಲೆ ನನ್ನ ಹೆಸರು ಹಿಡದು ಕರೀತಾರ. ಅಲ್ಲೆ ಯಾರ ತಂಗಿ ಅಂತ ಕೇಳ್ತಾರ."

ಆಟೋದಿಂದ ಇಳಿದು ಹೋದ ದಿನ ಸಂಜೆ ಮನೆ ಒಡತಿಯ ಫೋನು ಬಂತು. ಅವರದು ಆ ಪಾಳ್ಯದ ಹಳೆಯ ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮೂರು ಅಂತಸ್ತು ಕಟ್ಟಿಸಿ, ಮೇಲೆ ಬಾಡಿಗೆಗೆ ಕೊಟ್ಟು, ನೆಲ ಅಂತಸ್ತಿನಲ್ಲಿ ಸೈಬರ್ ಕೆಫೆ ಇಟ್ಟಿದ್ದರು. ಅದರ ಕೌಂಟರಿನಲ್ಲಿ ಅವರೇ ಕನಕಾಂಬರ ಕಟ್ಟುತ್ತ ಕೂರುತ್ತಿದ್ದರು.

"ಆಯಮ್ಮ ಇನ್ ಆಟೋ ಹತ್ತಲ್ಲ ಅಂತವ್ಳೆ ಮೇಡಂ. ನಮ್ಮನೆ ಕೆಳ್ಗಡೆ ಇಂಟರ್ನೆಟ್ ಐತೆ. ದುಬೈನಲ್ಲಿರೋ ಗಂಡಂದ್ರ ಜೊತೆ ಹೆಂಗಸ್ರು ಅದ್ರಲ್ಲೇ ಮುಖ ನೋಡ್ಕೊಂಡು ಜಗಳ ಆಡ್ತಾರೆ. ನಿಮ್ಗೆ ಅದ್ರಲ್ಲಿ ಬರಾಕಾಗಲ್ವಾ?"

ಇಂಟರ್ನೆಟ್ಟಿನಲ್ಲಿ ಹಾಗೆ ಚಿಕಿತ್ಸೆ ಕೊಡುವವರು ಹೊರದೇಶಗಳಲ್ಲಿದ್ದಾರೆ ಎಂದು ಕೇಳಿದ್ದೆ, ಅಷ್ಟೆ. ನಮ್ಮ ಕೇಂದ್ರದ ಹಿರಿಯ ಮನೋವೈದ್ಯರ ಮುಂದೆ ವಿಷಯ ಇಟ್ಟೆ. ಆಕೆಗೆ ಮಾತ್ರೆ ಬರೆದುಕೊಟ್ಟವರೂ ಅವರೇ.

"ಪರದೆ ಮೇಲೆ ಮುಖ ಕಾಣುತ್ತೆ, ಕಾಲು ಕಾಣಲ್ಲ," ಎಂದರು ಅವರು. "ನಾನು ಪೇಷೆಂಟಿನ ಕಾಲು ನೋಡಿ ಆತಂಕ ಎಷ್ಟಿದೆ ಅಂತ ಹೇಳ್ತೀನಿ. ಅದೂ ಇರಲಿ. ಆಕೆಗೆ ಅಲ್ಲೇ ಅಟ್ಯಾಕ್ ಬಂದ್ರೆ ಇಲ್ಲಿ ಕೂತು ನೀವೇನ್ ಮಾಡ್ತೀರಿ?"

"ಇಲ್ಲಿಗೆ ಬರೋಕಾಗದೆ ಇರೋದೇ ಆಕೆಯ ಕಾಯಿಲೆ ಸರ್. ಬಂದ್ರೆ ಮಾತ್ರ ನೋಡ್ತೀವಿ ಅನ್ನೋದು ಹೇಗೆ?"

"ವಾದ ಚೆನ್ನಾಗಿದೆ. ಅದಕ್ಕೇ ನಂಗೆ ಹೆದರಿಕೆ."

ಎರಡು ದಿನ ಯೋಚಿಸಿ ಅವರು ಒಪ್ಪಿದರು. ಕೆಫೆಯ ಲ್ಯಾಂಡ್‌ಲೈನ್ ನಂಬರು ನನ್ನ ಮುಂದೆ ಇರಬೇಕು. ಈಕೆಗೆ ಹುಷಾರು ತಪ್ಪಬಹುದೆಂದು ಕೌಂಟರಿನಲ್ಲಿರುವವರಿಗೆ ಮೊದಲೇ ತಿಳಿಸಿರಬೇಕು. ಮಾತ್ರೆ ನಿಲ್ಲಿಸಕೂಡದು. ಮತ್ತು ಅವರ ಮಾತಿನಲ್ಲೇ ಹೇಳುವುದಾದರೆ, "ಸರಿಹೋಗ್ತಿಲ್ಲ ಅನ್ನಿಸಿದ ದಿನ ನಿಲ್ಲಿಸ್ಬೇಕು. ಹೊಸದು ಅನ್ನೋ ಮೋಹಕ್ಕೆ ಎಳೀಬಾರ್ದು."

ಕೇಂದ್ರದ ಒಂದೇ ಕಂಪ್ಯೂಟರಿಗೆ ವೆಬ್‌ಕ್ಯಾಮ್ ಹಾಕಿಸಿದೆವು. ವಾರಕ್ಕೆ ಎರಡು ಬಾರಿ, ಮಧ್ಯಾಹ್ನ, ಕೆಫೆಯಲ್ಲಿ ಜನ ಕಡಿಮೆಯಿರುವ ಹೊತ್ತಿನಲ್ಲಿ. ಆಕೆಯ ಮುಖ ಅಂಗೈಯಗಲದ ಚೌಕದಲ್ಲಿ ತುಂಡು ತುಂಡಾಗಿ ಚಲಿಸುತ್ತಿತ್ತು. ಬೇರೆಯವರ ಕಿವಿಗೆ ಬೀಳುತ್ತದೆಂದು ಆಕೆ ಮಾತಾಡುತ್ತಿರಲಿಲ್ಲ, ಟೈಪ್ ಮಾಡುತ್ತಿದ್ದಳು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುವುದು ಇಬ್ಬರಿಗೂ ಹೊಸತು. ಎದುರಿಗೆ ಕೂತಾಗ ಒಂದು ನಿಟ್ಟುಸಿರಿನಲ್ಲಿ ತಿಳಿಯುವುದನ್ನು ಇಲ್ಲಿ ಮೂರು ಸಲ ಕೇಳಿ ತಿಳಿಯಬೇಕಿತ್ತು. ಹಾಗೆಂದು ನಷ್ಟವೇ ಎಲ್ಲ ಅಲ್ಲ. ಬಾಯಲ್ಲಿ ಹೇಳಲು ನಾಚುತ್ತಿದ್ದುದನ್ನು ಆಕೆ ಬರೆಯುತ್ತಿದ್ದಳು. ಬಸ್ಸಿನಲ್ಲಿ ಸತ್ತರೆ ಯಾರೂ ಗುರುತು ಹಿಡಿಯುವುದಿಲ್ಲ ಎಂಬ ಭಯವನ್ನು ನಾನು ಮೊದಲು ಓದಿದ್ದು ಆ ಚೌಕದ ಕೆಳಗೆ.

ವಿಧಾನ ಸರಳವಾದದ್ದು. ಪ್ರತಿ ಸಲ ಮೊದಲಿಗೆ, ಈ ಹೊತ್ತಿನ ಆತಂಕಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಬೇಕು. ಉಸಿರನ್ನು ನಿಧಾನ ಬಿಡುವ ಅಭ್ಯಾಸ ಮಾಡಬೇಕು. ಎದೆ ಹೊಡೆದುಕೊಂಡಾಗ ಬರುವ ಯೋಚನೆ ಯಾವುದು, ಅದು ಹಿಂದೆ ಎಂದಾದರೂ ನಿಜವಾಯಿತೇ ಎಂದು ನೋಡಬೇಕು. ಕೊನೆಗೆ, ಹೆದರಿಸುವ ಜಾಗಗಳಿಗೆ ಸ್ವಲ್ಪ ಸ್ವಲ್ಪವಾಗಿ ಹೋಗಿ, ಓಡಿಬರದೆ ಅಲ್ಲೇ ನಿಂತು, ಹೆದರಿಕೆ ಏರಿ ತಾನಾಗಿ ಇಳಿಯುವುದನ್ನು ಕಾಣಬೇಕು. ಈ ಕೊನೆಯದೇ ಮುಖ್ಯ. ಉಳಿದದ್ದೆಲ್ಲ ಅದಕ್ಕೆ ಸಿದ್ಧತೆ.

ಮೊದಲು ಎಂಟು ಎನ್ನುತ್ತಿದ್ದ ಅಂಕ ಆರಾಯಿತು, ನಾಲ್ಕಾಯಿತು. ದಸರಾ ಹೊತ್ತಿಗೆ ಮೂರು. ಇನ್ನೊಂದು ಬದಲಾವಣೆಯೂ ಆಯಿತು. ಆಕೆ ಟೈಪ್ ಮಾಡುವುದನ್ನು ಬಿಟ್ಟು ಮೈಕಿನಲ್ಲಿ ದನಿಯೆತ್ತಿ ಮಾತಾಡತೊಡಗಿದಳು. ಬೇರೆಯವರ ಎದುರು ಮಾತಾಡುವ ಧೈರ್ಯ ಬಂತಲ್ಲ ಎಂದು ನಾನು ಸಂತೋಷಪಟ್ಟೆ. ತಲೆಗೆ ಕಿವಿ ಮುಚ್ಚುವಂತೆ ಒಂದು ಸ್ಕಾರ್ಫ್ ಇರುತ್ತಿತ್ತು. ನೆಗಡಿಯಿರಬಹುದು ಎಂದುಕೊಂಡೆ. ಬೀದಿಯ ತುದಿಯವರೆಗೆ ನಡೆದು ಬರುವ ಅಭ್ಯಾಸವನ್ನು ಮಾತ್ರ ಆಕೆ ವಾರದಿಂದ ವಾರಕ್ಕೆ ಮುಂದೂಡುತ್ತಿದ್ದಳು. ಮಳೆ ಎನ್ನುತ್ತಿದ್ದಳು, ಹಬ್ಬದ ಗದ್ದಲ ಎನ್ನುತ್ತಿದ್ದಳು. ಅಂಕ ಇಳಿಯುತ್ತಿದ್ದುದರಿಂದ ನಾನು ಒತ್ತಾಯಿಸಲಿಲ್ಲ.

ಒಂದು ದಿನ ಆಕೆ "ಇವತ್ತ ಎರಡ ರೀ" ಎಂದು ನಗುತ್ತ ಹೇಳುವಾಗ ಅವಳ ಹಿಂದೆ ಕುಕ್ಕರ್ ಕೂಗಿತು.

"ಅದೇನು ಶಬ್ದ?" ಎಂದೆ.

"ಕುಕ್ಕರ್ ರೀ. ಬ್ಯಾಳಿ ಇಟ್ಟೇನಿ."

"ಕೆಫೆಯಲ್ಲಿ ಕುಕ್ಕರಾ?"

ಆಕೆ ಕುಕ್ಕರಿನ ಕಡೆಗೊಮ್ಮೆ ತಿರುಗಿ ನೋಡಿದಳು. ಆಮೇಲೆ, "ನಾ ಮ್ಯಾಲ ಅದೀನ್ರಿ, ನನ್ನ ಖೋಲ್ಯಾಗ. ಮನಿ ಅಕ್ಕಾರು ಕೆಳಗಿಂದ ವೈರ್ ಎಳಸಿ ಒಂದು ಕಂಪ್ಯೂಟರ್ ಇಲ್ಲೇ ಇಡಸ್ಯಾರ. ಪಾಯರಿ ಇಳದು ಬರೂದು ಬ್ಯಾಡ ಅಂತ."

"ಎಷ್ಟು ದಿನ ಆಯ್ತು?"

"ಮೂರು ವಾರ ಆಗಿರಬೇಕ್ರಿ."

"ಕೆಳಗಿಳಿದದ್ದು ಯಾವಾಗ?"

ಆಕೆ ಯೋಚಿಸಿದಳು. ಯೋಚಿಸುತ್ತಿದ್ದಂತೆ ನಗು ಹೋಯಿತು. "ಇಳದಿಲ್ರಿ," ಎಂದಳು.

ಹಿರಿಯ ವೈದ್ಯರಿಗೆ ಹೇಳಿದೆ. ಅವರು, "ಅಂಕ ಎಷ್ಟು ಅಂದ್ರಿ?" ಎಂದು ಕೇಳಿದರು. ಎರಡು ಎಂದೆ. "ಆ ರೂಮಲ್ಲಿ ಕೂತ್ರೆ ನಂಗೂ ಎರಡೇ ಬರುತ್ತೆ," ಎಂದರು.

ನಾವು ಸಾಮಾನ್ಯವಾಗಿ ಯಾರ ಮನೆಗೂ ಹೋಗುವುದಿಲ್ಲ. ಈ ಸಲ ವೈದ್ಯರನ್ನು ಕೇಳಿ ಹೋದೆ. ಕೋಣೆಯ ಕಿಟಕಿಗಳು ಮುಚ್ಚಿದ್ದವು. ಆಕೆಯ ಕಿವಿಯಲ್ಲಿ ಹತ್ತಿ, ಅದರ ಮೇಲೆ ಸ್ಕಾರ್ಫ್, ಕಾಲಿಗೆ ಸಾಕ್ಸ್. ಮೂಲೆಯಲ್ಲಿ ಬೆಳ್ಳುಳ್ಳಿ ಸಾರಿನ ಪಾತ್ರೆ. ತರಕಾರಿ, ಹಾಲು, ಮಾತ್ರೆ ಎಲ್ಲ ಬಾಗಿಲಿಗೇ ಬರುತ್ತಿದ್ದವು. ನೋಡಿದ ಕೂಡಲೇ ನನಗೆ ನನ್ನ ಹೆರಿಗೆಯ ನಂತರದ ದಿನಗಳು ನೆನಪಾದವು.

"ಬಾಣಂತಿ ಥರ ನೋಡ್ಕೊಂಡಿದೀರಲ್ಲ ಅಮ್ಮ," ಎಂದೆ.

"ಇನ್ನೇನ್ ಮತ್ತೆ?" ಎಂದರು ಮನೆ ಒಡತಿ. "ಗಾಬ್ರಿ ಬಿದ್ದ ಮೈನೂ ಹಸಿ ಮೈನೇ ಕಣಮ್ಮ. ಗಾಳಿ ಸೋಕಬಾರ್ದು, ಮೆಟ್ಲು ಇಳೀಬಾರ್ದು. ನಾನು ನಾಕು ಬಾಣ್ತನ ಮಾಡಿವ್ನಿ, ಒಂದೂ ಕೆಟ್ಟಿಲ್ಲ. ನೋಡಿ, ಮುಖ ಎಷ್ಟ್ ಗೆಲುವಾಗೈತೆ."

ಗೆಲುವಾಗಿದ್ದುದು ನಿಜ. ನನಗೆ ಅವರ ಮೇಲೆ ಕೋಪ ಬರಲಿಲ್ಲ. ಅವರು ಎಳೆದ ವೈರಿನ ಇನ್ನೊಂದು ತುದಿಯಲ್ಲಿ ಕೂತಿದ್ದವಳು ನಾನು. ಹಾಲಿನಂತೆ, ತರಕಾರಿಯಂತೆ, ಚಿಕಿತ್ಸೆಯನ್ನೂ ನಾವು ಬಾಗಿಲಿಗೇ ತಂದುಕೊಡುತ್ತಿದ್ದೆವು. ಆಕೆಯ ಹೆದರಿಕೆ ಕೇಳುತ್ತಿದ್ದುದೂ ಅದನ್ನೇ.

ಈ ಪದ್ಧತಿಯನ್ನು ಅಲ್ಲಿಗೇ ನಿಲ್ಲಿಸುವ ಯೋಚನೆ ಬಂತು. ನಿಲ್ಲಿಸಿದರೆ ಆಕೆ ಜಯನಗರಕ್ಕೆ ಬರುವವಳಲ್ಲ. ದೀಪಾವಳಿ ಹತ್ತಿರವಾಗಿತ್ತು. ಕೆಳಗಿನ ಕೆಫೆಗೆ ಬಂದು ಕೌಂಟರಿನ ಎದುರು ಕೂತು ಯೋಚಿಸುತ್ತಿರುವಾಗ ನನ್ನ ಮನಸ್ಸು ಹೊಸೂರು ರಸ್ತೆಯ ಕಡೆಗೆ ಹೋಯಿತು. ಆಗ ಬೀದಿಗೊಂದು ಸೈಬರ್ ಕೆಫೆ ಇದ್ದ ಕಾಲ. ತಾವರೆಕೆರೆ ಮುಖ್ಯರಸ್ತೆಯಲ್ಲಿ, ಮಡಿವಾಳದಲ್ಲಿ, ಬೊಮ್ಮನಹಳ್ಳಿಯಲ್ಲಿ, ಆಕೆಯ ಬಸ್ಸಿನ ದಾರಿಯುದ್ದಕ್ಕೂ ಇದ್ದವು. ಒಂದೊಂದು ಭೇಟಿಯೂ ಒಂದೊಂದು ಕೆಫೆ ಮುಂದಕ್ಕೆ ನಡೆಯಲಿ. ನಾನು ಪರದೆಯಲ್ಲೇ ಇರುತ್ತೇನೆ, ಆದರೆ ನನ್ನನ್ನು ನೋಡಲು ಆಕೆ ಮನೆಯಿಂದ ದೂರ ಬರಬೇಕು.

ಮತ್ತೆ ಮೇಲೆ ಹೋಗಿ ಆಕೆಗೆ ಹೇಳಿದಾಗ ಗೋಡೆ ನೋಡುತ್ತ, "ಬ್ಯಾಡ ಅಂದ್ರ?" ಎಂದಳು.

"ಬೇಡ ಅಂದ್ರೆ ಬೇಡ. ಆದ್ರೆ ಈ ಕೋಣೆಗೆ ನಾನು ಕಂಪ್ಯೂಟರಲ್ಲೂ ಬರೋದಿಲ್ಲ."

ಸ್ಕಾರ್ಫಿನ ಗಂಟನ್ನು ಬಿಗಿಮಾಡುತ್ತ ಹೂಂ ಎಂದಳು.

ಮನೆ ಒಡತಿಯನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾದೀತು ಎಂದುಕೊಂಡಿದ್ದೆ. "ಬಾಣಂತಿನೂ ಒಂದಿನ ಹೊರಗೆ ಕಾಲಿಡ್ತಾಳಲ್ಲಮ್ಮ," ಎಂದೆನಷ್ಟೆ. ಅವರು ಹೂವು ಕಟ್ಟುವ ಕೈ ನಿಲ್ಲಿಸಿ, "ಅದೂ ಸರಿನೇ. ಗಂಗೆಪೂಜೆ ಮಾಡಿಸ್ದೆ ಯಾರ್ನಾದ್ರೂ ಸುಮ್ನೆ ಈಚೆಗೆ ಬುಡಕ್ಕಾಯ್ತದಾ?" ಎಂದರು. ಎರಡು ದಿನ ಬಿಟ್ಟು, ಅಂಗಳದ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಆಕೆಯ ಕೈಯಿಂದ ಒಂದು ಚೊಂಬು ನೀರು ಹಿಡಿಸಿ, ಕಿವಿಯ ಹತ್ತಿಯನ್ನು ತಾವೇ ತೆಗೆದರಂತೆ. ವೈರನ್ನೂ ಸುತ್ತಿ ಒಳಗಿಟ್ಟರು. ಮದುವೆಯೇ ಆಗದ ಹೆಣ್ಣಿಗೆ ಇದೇನು ಶಾಸ್ತ್ರ ಎಂದು ಎದುರುಮನೆಯವರು ನಕ್ಕರೆ, "ನಿಮ್ ಮನೆ ನಲ್ಲೀಗೇನೂ ಹಚ್ಚಿಲ್ವಲ್ಲ" ಎಂದರಂತೆ.

ಕೆಳಗಿನ ಕೆಫೆಗೆ ಇಳಿದ ದಿನ ಆಕೆಯ ಅಂಕ ಏಳಕ್ಕೆ ಏರಿತು. ತಾವರೆಕೆರೆ ಮುಖ್ಯರಸ್ತೆಯ ಕೆಫೆಯಲ್ಲಿ ಎಂಟು. ಅಲ್ಲಿಗೆ ಮನೆ ಒಡತಿ ಜೊತೆಗೆ ಬಂದು ಹೊರಗೆ ಕೂತರು. ಅದೇ ಕೆಫೆಗೆ ಮತ್ತೆ ಎರಡು ಸಲ ಹೋಗಿ, ಒಬ್ಬಳೇ ಹೋಗಿ, ಆರಕ್ಕೆ ಬಂತು. ಅಂಕ ಏರಿದ್ದನ್ನು ನೋಡಿ ಸಮಾಧಾನಪಟ್ಟದ್ದು ನನ್ನ ಕೆಲಸದಲ್ಲಿ ಅದೇ ಮೊದಲು.

ಮಡಿವಾಳದ ಕೆಫೆ ಹೊಸೂರು ರಸ್ತೆಗೆ ತೆರೆದುಕೊಂಡಿತ್ತು. ಬಸ್ಸುಗಳ ಹಾರನ್ನು ಮೈಕಿನಲ್ಲಿ ನನಗೂ ಕೇಳುತ್ತಿತ್ತು. ಆಕೆ ಒಬ್ಬಳೇ ನಡೆದು ಬಂದು ಕೂತಿದ್ದಳು. ಅಂಕ ಕೇಳಿದೆ. ಉತ್ತರಿಸಲು ಬಾಯಿ ತೆರೆದಳು. ಕೈ ಕತ್ತಿನ ಹತ್ತಿರ ಹೋಯಿತು. ಕಣ್ಣು ನನ್ನನ್ನು ಬಿಟ್ಟು ಬಾಗಿಲ ಕಡೆಗೆ ತಿರುಗಿತು. "ಮೇಡಂ, ಬರಾಕ್ಹತ್ತೇತ್ರಿ" ಎಂದಳು.

ಅಲ್ಲಿಗೆ ಚಿತ್ರ ನಿಂತುಹೋಯಿತು.

ಕತ್ತಿನ ಮೇಲೆ ಕೈ, ಅರ್ಧ ತೆರೆದ ಬಾಯಿ, ಪಕ್ಕಕ್ಕೆ ತಿರುಗಿದ ಕಣ್ಣು. ಶಬ್ದವಿಲ್ಲ. ನಾನು ಹೆಸರು ಹಿಡಿದು ಕರೆದೆ. ಉಸಿರು ಬಿಡಿ ಎಂದೆ. ಟೈಪ್ ಮಾಡಿದೆ. ಯಾವುದೂ ಹೋಗುತ್ತಿಲ್ಲ ಎಂದು ಗೊತ್ತಿದ್ದೂ ಟೈಪ್ ಮಾಡಿದೆ. ಎದುರಿನ ಕುರ್ಚಿಯಲ್ಲಿ ಎಷ್ಟೋ ಜನರ ಆತಂಕ ಏರಿ ಇಳಿದದ್ದನ್ನು ನೋಡಿದ್ದೇನೆ, ಆದರೆ ಅವರು ಅಲ್ಲೇ ಇರುತ್ತಿದ್ದರು, ನಾನೂ ಇರುತ್ತಿದ್ದೆ. ಆ ನಿಂತ ಮುಖವನ್ನು ಈಗಲೂ ನಾನು ಬರೆದು ತೋರಿಸಬಲ್ಲೆ.

ಕೆಫೆಯ ನಂಬರು ಒತ್ತಿದೆ. ಬಾಗಿಲಲ್ಲಿ ಹಿರಿಯ ವೈದ್ಯರು ಬಂದು ನಿಂತಿದ್ದರು.

"ಹಲೋ, ಯಾರು?" ಕೌಂಟರಿನವರ ದನಿ, ವಯಸ್ಸಾದವರು.

"ನಿಮಗೆ ಮೊದಲೇ ಹೇಳಿದ್ದೆವಲ್ಲ, ಹುಷಾರಿಲ್ಲದ ಒಬ್ಬರು ಬರ್ತಾರೆ ಅಂತ. ಆಕೆ ಹೇಗಿದ್ದಾರೆ?"

"ಓ, ಮೂರನೇ ಸಿಸ್ಟಮ್ಮಾ? ನೆಟ್ ಹೋಗೈತೆ ಮೇಡಂ. ಎಲ್ರೂ ನಂಗೇ ಬೈತಾವ್ರೆ, ನಾನೇನೋ ವೈರ್ ಕಚ್ಚಿವ್ನಿ ಅನ್ನೋ ಹಂಗೆ."

"ಆಕೆ ಹೇಗಿದ್ದಾರೆ ಸರ್? ಬಿದ್ದಿದ್ದಾರಾ? ಎದ್ದು ಹೋದರಾ?"

ಅವರು ಬಗ್ಗಿ ನೋಡಿದ ಹಾಗಾಯಿತು. "ಕೂತವ್ರೆ. ಬೆವರ್ತಾವ್ರೆ, ಟೇಬಲ್ ಗಟ್ಟಿಗೆ ಹಿಡ್ಕಂಡವ್ರೆ. ಕರೀಲಾ? ಫೋನ್ ಕೊಡ್ಲಾ?"

ಕೊಡಿ ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ನನ್ನ ದನಿ ಕೇಳಿದರೆ ಆಕೆ ತಕ್ಷಣ ಸಮಾಧಾನವಾಗುತ್ತಾಳೆ, ಅದು ನನಗೆ ಗೊತ್ತು. ಆಮೇಲೆ ಬಸ್ಸಿನಲ್ಲಿ? ಅಲ್ಲಿ ನನ್ನ ದನಿ ಇರುವುದಿಲ್ಲ. ಆಕೆ ಎದ್ದಿಲ್ಲ. ಬಾಗಿಲು ಹತ್ತಿರವೇ ಇದ್ದರೂ ಎದ್ದಿಲ್ಲ. ಇಷ್ಟು ವಾರ ನಾವು ಹೇಳುತ್ತ ಬಂದದ್ದನ್ನು ಆಕೆ ಈ ಕ್ಷಣ ಮಾಡುತ್ತಿದ್ದಾಳೆ, ನಾವಿಲ್ಲದೆ. ಇದು ಸರಿಯಾದ ಲೆಕ್ಕವೋ, ಒಬ್ಬ ಹೆಂಗಸನ್ನು ಒಂಟಿಯಾಗಿ ಬಿಟ್ಟದ್ದಕ್ಕೆ ನಾನು ಕೊಟ್ಟುಕೊಂಡ ಕಾರಣವೋ, ಆ ಗಳಿಗೆಯಲ್ಲಿ ತಿಳಿಯಲಿಲ್ಲ. ವೈದ್ಯರ ಮುಖ ನೋಡಿದೆ.

"ಬೇಡ," ಎಂದೆ. "ನೀವು ಅವರ ಮೇಲೆ ಕಣ್ಣಿಟ್ಟಿರಿ. ಬಿದ್ದರೆ, ಇಲ್ಲ ಸಹಾಯ ಕೇಳಿದರೆ ತಕ್ಷಣ ಹೇಳಿ. ನಾನು ಫೋನ್ ಇಡೋದಿಲ್ಲ."

"ಆಯ್ತು ಮೇಡಂ. ಆದ್ರೆ ಬೇರೆಯವ್ರು ಬೈಯೋದೂ ಕೇಳುಸ್ತದೆ ನಿಮ್ಗೆ."

ಕೇಳಿಸಿತು. ಯಾರೋ ರೈಲು ಟಿಕೆಟ್ ತಪ್ಪಿತೆಂದು ಬೈಯುತ್ತಿದ್ದರು. ಬಹಳ ಹೊತ್ತಿನ ಮೇಲೆ, "ಸೋಡಾ ಕೇಳುದ್ರು, ಕೊಟ್ಟಿವ್ನಿ. ಈಗ ಎಲ್ರಂಗೆ ಕೂತವ್ರೆ," ಎಂದರು ಕೌಂಟರಿನವರು.

ನೆಟ್ ಬಂದಾಗ ಆಕೆಯ ಮುಖ ಮತ್ತೆ ಅಲುಗಾಡಿತು. ಕೂದಲು ಹಣೆಗೆ ಅಂಟಿತ್ತು.

"ಈಗ ಅಂಕ ಎಷ್ಟು?"

"ನಾಕ ರೀ. ನಡಬರಕ ಹತ್ತ ಆಗಿತ್ತು." ಹಣೆ ಒರೆಸಿಕೊಂಡು, "ನೀವು ಫೋನ್ ಮಾಡಿದ್ರಂತ?"

"ಹೌದು."

"ನನಗ ಯಾಕ ಕೊಡಸಲಿಲ್ಲ?"

"ನೀವು ಎದ್ದಿರಲಿಲ್ಲ. ಅದಕ್ಕೆ."

"ನಾ ಸಾಯಾಕತ್ತೇನಿ ಅಂತಿದ್ದೆ ಇಲ್ಲೆ. ನೀವು ಲೈನ್ ಮ್ಯಾಲ ಇದ್ದು ಸುಮ್ಮ ಕೇಳಕೋತ ಕುಂತಿದ್ರಿ?" ಎಂದಳು. ಪರದೆ ಕಪ್ಪಾಯಿತು. ಈ ಸಲ ಅದನ್ನು ಆರಿಸಿದವಳು ಆಕೆ.

ಮುಂದಿನ ಭೇಟಿಗೆ ಆಕೆ ಬರಲಿಲ್ಲ. ಮಡಿವಾಳದಲ್ಲೂ ಇಲ್ಲ, ತಾವರೆಕೆರೆಯಲ್ಲೂ ಇಲ್ಲ. ಮನೆ ಒಡತಿಗೆ ಫೋನು ಮಾಡಿದರೆ, "ಅವ್ಳು ನಿಮ್ ಹೆಸ್ರೆತ್ತುದ್ರೆ ಸೊಟ್ಟ ಮುಖ ಮಾಡ್ತಾಳೆ. ಏನ್ ಮಾಡುದ್ರಿ ಮೇಡಂ?" ಎಂದರು. ಬೀದಿಯಲ್ಲಿ ಪಟಾಕಿ ಶುರುವಾಗಿತ್ತು. ಆ ವಾರ ನಾನು ವೈದ್ಯರ ಜೊತೆ ಇಡೀ ಪ್ರಕರಣವನ್ನು ಮತ್ತೆ ಮೊದಲಿನಿಂದ ನೋಡಿದೆ. ಎದುರಿಗಿದ್ದಿದ್ದರೆ ನಾನು ಏನು ಮಾಡುತ್ತಿದ್ದೆ? ಬಹುಶಃ ಒಂದು ಲೋಟ ನೀರು ಕೊಟ್ಟು, ಉಸಿರು ಬಿಡಿ ಎನ್ನುತ್ತಿದ್ದೆ. ಆಕೆಯ ಆತಂಕ ನನ್ನಿಂದ ಇಳಿಯಿತೆಂದು ಇಬ್ಬರೂ ನಂಬುತ್ತಿದ್ದೆವು. ಹಾಗೆಂದು ಇಂಟರ್ನೆಟ್ಟೇ ಮೇಲು ಎನ್ನಲಾರೆ. ಅದೇ ವೈರು ಆಕೆಯನ್ನು ಮೂರು ವಾರ ಕೋಣೆಯಲ್ಲಿ ಕೂರಿಸಿತ್ತು. ಹೊರಗೆ ಹೋಗಲಾಗದವರಿಗೆ ಅದೊಂದು ದಾರಿ ಹೌದು, ಆ ದಾರಿ ಕೋಣೆಯಿಂದ ಹೊರಡುತ್ತಿದೆಯೋ ಕೋಣೆಗೇ ಬರುತ್ತಿದೆಯೋ ಎಂದು ಪ್ರತಿ ವಾರ ಕೇಳಿಕೊಳ್ಳಬೇಕು ಎಂದಷ್ಟೇ ನಾವು ನಿರ್ಧಾರಕ್ಕೆ ಬಂದೆವು.

ಹಬ್ಬದ ಮರುದಿನ, ಭೇಟಿಗೆ ಗೊತ್ತುಮಾಡಿರದ ಹೊತ್ತಿನಲ್ಲಿ, ಪರದೆಯ ಮೇಲೆ ಆಕೆಯ ಹೆಸರು ಬೆಳಗಿತು. ಹಿಂದೆ ಹಾರನ್ನಿನ ಸದ್ದು. ಮಡಿವಾಳವೇ.

"ಸಿಟ್ಟ ಬಂದಿತ್ರಿ ನಿಮ್ಮ ಮ್ಯಾಲ," ಎಂದಳು.

"ಬರಬೇಕಾದದ್ದೇ."

"ಆವತ್ತ ಬೈಕೋತ ಬೈಕೋತ ಮನಿಗೆ ಹ್ವಾದೆ. ಅರ್ಧ ದಾರಿಗೆ ಬಂದಮ್ಯಾಲ ನೆನಪಾತು, ಹೆದರಿಕಿ ಮಾಡಕೊಳ್ಳಾಕ ಮರತೇನಿ ಅಂತ." ನಗಲಿಲ್ಲ. "ಅದು ತಾನ ಇಳೀತಂತ ನೀವು ಹೇಳ್ತಿದ್ರಿ. ನನಗ ನೀವು ಇಳಸ್ತೀರಿ ಅಂತ ಇತ್ತು."

"ಈಗ?"

"ಸೋಮವಾರ ಕೆಲಸಕ್ಕ ಹೋಗಬೇಕು. ಬೊಮ್ಮನಹಳ್ಳಿ ಕೆಫೆ ಬ್ಯಾಡ್ರಿ. ಸೀದಾ ಬಸ್ ಹತ್ತತೇನಿ." ಕ್ಯಾಮೆರಾದ ಕಡೆಗೆ ಬಗ್ಗಿದಳು. "ನೀವು ಇರಬ್ಯಾಡ್ರಿ. ಫೋನೂ ಮಾಡಬ್ಯಾಡ್ರಿ. ಅಕ್ಕಾರಿಗೂ ಹೇಳೇನಿ, ಬಸ್ ಸ್ಟಾಪಿಗೆ ಬಂದ್ರ ಮಾತು ಬಿಡತೇನಿ ಅಂತ."

ಸೋಮವಾರ ಬೆಳಿಗ್ಗೆ ನನ್ನ ಎದುರು ಬೇರೆ ಒಬ್ಬರು ಕೂತಿದ್ದರು. ಅವರ ಮಾತನ್ನು ಕೇಳಲು ನಾನು ಪ್ರಯತ್ನಪಡಬೇಕಾಯಿತು. ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತ ಹಿರಿಯ ವೈದ್ಯರು, "ಹೋದ್ಲಾ?" ಎಂದರು.

"ಗೊತ್ತಿಲ್ಲ ಸರ್."

"ಒಂದು ಫೋನ್ ಮಾಡಿ ಕೇಳಬಹುದಲ್ಲ?"

"ಮಾಡಬಹುದು," ಎಂದೆ. ಮಾಡಲಿಲ್ಲ.

ಸಂಜೆ ಕೇಂದ್ರ ಮುಚ್ಚುವ ಹೊತ್ತಿಗೆ ಫೋನು ಬಂತು. ಹಿಂದೆ ಹೆಂಗಸರ ದೊಡ್ಡ ಗುಂಪು ಮಾತಾಡುತ್ತ ಹಾದುಹೋಗುತ್ತಿತ್ತು, ಕಾರ್ಖಾನೆ ಬಿಟ್ಟ ಹೊತ್ತಿನಂತೆ.

"ಬಸ್ಸಿನ್ಯಾಗ ಹೆದರಿಕಿ ಬಂತ್ರಿ ಮೇಡಂ," ಎಂದಳು. "ಸಿಲ್ಕ್ ಬೋರ್ಡಿನ್ಯಾಗ ನಿಂತಿತ್ತು ಬಸ್ಸು. ಎದಿ ಹಂಗ ಹೊಡಕೊಂತು."

"ಆಮೇಲೆ?"

"ಆಮ್ಯಾಲ ನನ್ನ ಸ್ಟಾಪ್ ಬಂತ್ರಿ. ಇಳದೆ."